ರಿಪೇರಿ ಚೀಟಿ

ತೀನ್ ಕಂದಿಲ್ ಹತ್ರ, ಗಡಿಯಾರದಂಗಡಿ ಮಗ್ಗಲು
ಒಂದು ಮೇಜು, ಒಂದು ಭೂತಗನ್ನಡಿ, ನಾನು.
ಚೀಟಿಯೊಳಗ ಬರದೀನಿ:
ಎಸ್ತೇರ್ ಸಿಸ್ಟರ್, ದೊಡ್ಡಾಸ್ಪತ್ರಿ, ರಾತ್ರಿ ಪಾಳಿ.
ಸಾಮಾನು: ಕೈಯಾಗ ಹಿಡಿದು ಆಡೋ ಗೇಮಿನ ಡಬ್ಬಿ, ಒಂದು.
ದೂರು: ವೀರ ತಾನಾಗೇ ಎಡಕ್ಕ ನಡೀತಾನ.

ಆಡಿ ನೋಡದ ರಿಪೇರಿ ಆತು ಅನ್ನಾಕ ಬರಂಗಿಲ್ಲ.
ಮೂರು ರಾತ್ರಿ ಆಡೀನಿ,
ಬಿಲ್ಲಿಗೆ ಹಚ್ಚಿಲ್ಲ.

ಖಡ್ಗ ಚಲೋ ಐತಿ, ಮೊದಲ ಅದನ್ನ ಹೇಳ್ತೀನಿ.
ಬೀಸಿದರ ತೂಕ ಗೊತ್ತಾಗತೈತಿ,
ಅಂಗೈಯೊಳಗ ಡಬ್ಬಿ ಚಟ್ಟಂತ ನಡುಗತೈತಿ
ಒಣ ಹತ್ತಿಕಟ್ಟಿಗಿ ಮೊಣಕಾಲಿಗೆ ಹಚ್ಚಿ ಮುರಿದಂಗ.
ಕಾಡು ಅಂದ್ರ ಕಾಡು.
ರಾಯಚೂರಿನ್ಯಾಗ ಹುಟ್ಟಿದ ಕಣ್ಣಿಗೆ
ಇಷ್ಟು ಹಸಿರು ಒಗ್ಗಂಗಿಲ್ಲ,
ಬೆಳಕು ಕಮ್ಮಿ ಮಾಡ್ಕೊಂಡೆ.

ಆದರ ಆ ಅಕ್ಷರ!
ಮಾಟಗಾತಿ ಕೊಡೋ ಶಾಪ ಎಳ್ಳಿನಷ್ಟು.
ಭೂತಗನ್ನಡಿ ಹಿಡಿದು ಓದೀನಿ,
ಓದಿ ಮುಗಸೂದ್ರಾಗ ಸತ್ತೀನಿ.
ಕಂಬದ ಹಿಂದ ಹೋದ್ರ ಕ್ಯಾಮೆರಾ ಕಂಬಾನೇ ತೋರಸ್ತೈತಿ,
ಹೊಡೆಯವ ಯಾರು, ಹೊಡಿಸಿಕೊಳ್ಳವ ಯಾರು,
ಗೋಡಿಗೇ ಗೊತ್ತು.
ಉಪ್ಪು ಮಾರೋ ಮುದುಕ ಒಬ್ಬ ಅದಾನ.
ಅವನ ಮಗನ್ನ ಹುಡುಕಿ ತಂದುಕೊಟ್ಟೆ, ಎರಡು ತಾಸು ಹಿಡೀತು.
ಮತ್ತ ಹೋದ್ರ ಮತ್ತ ಅದೇ ಮಾತು:
'ನನ್ನ ಮಗ ಇನ್ನೂ ಬಂದಿಲ್ಲ, ದಾರಿಹೋಕ.'
ಮಗ ಅವನ ಬಾಜೂಕ ನಿಂತಾನ.

ಅಲ್ಲೆ ಒಂದು ಕೋಟಿ, ನಾಕು ಸುತ್ತಿಂದು.
ಗುಂಡಿ ಒತ್ತಿದರ ಆನಿಯಂಥ ಕಲ್ಲು ಸರೀತೈತಿ.
ನಮ್ಮ ಕೋಟಿ ಗೋಡ್ಯಾಗ, ಆ ಉದ್ದನ್ನ ಶಾಸನದ ಕಲ್ಲಿನ ಹತ್ರ
ಅದನ್ನ ಹೊತ್ತು ತಂದ ಗಾಡಿ, ಎಳೆದ ದನಗಳ ಸಾಲು,
ಯಾರೋ ಗೀರಿ ಇಟ್ಟಾನ.
ಗೇಮು ಮಾಡಿದವರು ಅದೊಂದು ನೋಡಿದ್ರ...
ಹೋಗ್ಲಿ, ಅದು ರಿಪೇರಿ ಬಾಬ್ತಲ್ಲ.

ಬಿಸಿ. ಇದು ಬಾಬ್ತು.
ಏಪ್ರಿಲ್ಲಿನ್ಯಾಗ ಡಬ್ಬಿ ಅಂದ್ರ ರೊಟ್ಟಿ ಹಂಚು.
ಬೆಂಕಿಗುಡ್ಡದ ಹಂತಕ್ಕ ಬಂದಾಗ ಒಳಗಿನ ಫ್ಯಾನು ಕುಂಯ್ ಅಂತೈತಿ,
ನಲವತ್ತು ನಿಮಿಷಕ್ಕ ಬ್ಯಾಟರಿ ಖಲಾಸ್,
ಅಷ್ಟೊತ್ತಿಗೆ ಕರೆಂಟೂ ಹೋಗಿರತೈತಿ.
ಕರೆಂಟು ಹುಟ್ಟೋದು ಇಲ್ಲೇ, ಶಕ್ತಿನಗರದಾಗ.
ನಮಗ ಬೂದಿ ಸಿಗತೈತಿ.

ಇಷ್ಟೆಲ್ಲಾ ಇದ್ದರೂ ಇದನ್ಯಾಕ ಆಡ್ತೀರಿ ಸಿಸ್ಟರ್,
ಕೇಳಿದ್ದೆ, ಡಬ್ಬಿ ಕೊಡಾಕ ಬಂದ ದಿನ.

'ನಿಲ್ಲತೈತಿ, ಮಹಿಬೂಬಣ್ಣ. ಎಲ್ಲಿ ಬೇಕಾದರ ಅಲ್ಲೆ.
ರಾತ್ರಿ ಎರಡೂವರೆಗೆ ಘಟಸರ್ಪ ಬಾಯಿ ತೆರೆದಿರತೈತಿ,
ಏಳನೇ ಮಂಚದಿಂದ ಕರೀತಾರ.
ಗುಂಡಿ ಒತ್ತಿ ಕಿಸೆದಾಗ ಹಾಕ್ಕೊಂಡು ಓಡ್ತೀನಿ.
ಬಂದು ತೆಗೆದ್ರ ಬೆಂಕಿ ಅಲ್ಲೇ ಗಾಳ್ಯಾಗ,
ನನ್ನಿಂದ ಒಂದು ಗೇಣು ದೂರ.
ನಾನು ಬರೂತನಕ ಕಾದಿರತೈತಿ.
ಏಳನೇ ಮಂಚದವ ಹಂಗ ಕಾಯಲಿಲ್ಲ.'

ನಾನು ಚೀಟಿ ಹರಿದು ಕೈಯಾಗ ಕೊಟ್ಟೆ.

ಸ್ಟಿಕ್ಕು ಬದಲಿ ಮಾಡೀನಿ, ನಾನೂರೈವತ್ತು.
ವೀರ ಈಗ ಬಿಟ್ಟಲ್ಲೆ ನಿಲ್ತಾನ, ಗಾರ್ಡಿನಂಗ.

ಐತವಾರ ಮತ್ತ ಬಂದ್ಲು, ಮುಖ ಸಣ್ಣ ಮಾಡ್ಕೊಂಡು.
'ಎರಡು ವರ್ಷ ಅವನ್ನ ಬಲಕ್ಕ ಎಳದು ಎಳದು
ಹೆಬ್ಬೆರಳಿಗೆ ಅದೇ ರೂಢಿ.
ಈಗ ಅವ ನೆಟ್ಟಗ ಅದಾನ,
ನಾನೇ ಎಳದು ಕಮರಿಗೆ ಬೀಳಸ್ತೀನಿ.
ಹಳೇದು ಐತೇನು?'

ಕೆಟ್ಟ ಸ್ಟಿಕ್ಕಿನ ಬಿಸ್ಕೀಟ್ ಡಬ್ಬಿ ಮೇಜಿನ ಮ್ಯಾಲ ಸುರುವಿದೆ.
ಮೂವತ್ತೋ ನಲವತ್ತೋ, ಎಲ್ಲಾ ಒಂದೇ ಕರಿ.
ಒಂದೊಂದರ ಮ್ಯಾಲ ಹೆಬ್ಬೆರಳಿಟ್ಟು,
ಕಣ್ಣು ಮುಚ್ಚಿ,
ನಾಡಿ ಹಿಡಿದಂಗ ನೋಡಾಕತ್ಯಾಳ.
ಎಂಟಕ್ಕ ಪಾಳಿ.
ಇನ್ನೂ ಹತ್ತೊಂಬತ್ತು ಉಳದಾವ.